ಪಿಗ್ಮಿ ತುಂಬೋದು: ಒಂದು ಮುಷ್ಟಿಯಷ್ಟು ಮಾತಿನ ಇತಿಹಾಸ

ಇವತ್ತಿನ ಎಪಿಸೋಡ್ ಒಂದೇ ಒಂದು ಶಬ್ದದಿಂದ ಶುರು ಆಗ್ತದೆ. ಆ ಶಬ್ದ ಪಿಗ್ಮಿ.

ಇಂಗ್ಲಿಷ್ ನಿಘಂಟಿನಲ್ಲಿ ಪಿಗ್ಮಿ ಅಂದರೆ ಕುಳ್ಳ ಮನುಷ್ಯ, ಇಲ್ಲಾ ತನ್ನ ಜಾತಿಯಲ್ಲೇ ಚಿಕ್ಕದಾದ ಪ್ರಾಣಿ. ಆಫ್ರಿಕಾದ ಕಾಡುಗಳಲ್ಲಿರುವ ಕೆಲವು ಸಮುದಾಯಗಳಿಗೆ ಹೊರಗಿನವರು ಅಂಟಿಸಿದ ಹೆಸರೂ ಅದೇ. ಅದನ್ನು ಅವರಲ್ಲಿ ಅನೇಕರು ಒಪ್ಪೋದಿಲ್ಲ. ಆದರೆ ನಮ್ಮ ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಕಿರಾಣಿ ಅಂಗಡಿ ಮುಂದೆ, ಕಟಿಂಗ್ ಅಂಗಡಿ ಮುಂದೆ, ಚಹಾದ ಗಾಡಿ ಮುಂದೆ ನಿಂತು ಪಿಗ್ಮಿ ಅಂದು ನೋಡ್ರಿ. ಯಾರಿಗೂ ಕುಳ್ಳ ಮನುಷ್ಯ ನೆನಪಾಗೋದಿಲ್ಲ. "ಇವತ್ತಿಂದ ಇನ್ನೂ ತುಂಬಿಲ್ರಿ, ಸಂಜೀಕ ಬಾ ಅಂತ ಹೇಳ್ರಿ ಅವರಿಗೆ" ಅಂತ ಉತ್ತರ ಬರ್ತದೆ.

ಇಲ್ಲಿ ಪಿಗ್ಮಿ ಅಂದರೆ ದಿನಾ ಇಷ್ಟಿಷ್ಟು ಅಂತ ಕೂಡಿಡೋ ರೊಕ್ಕ. ಇಂಗ್ಲೆಂಡಿನವರಿಗೆ ಗೊತ್ತಿಲ್ಲದ ಈ ಅರ್ಥವನ್ನು ಆ ಶಬ್ದಕ್ಕೆ ಕೊಟ್ಟವರು ನಾವು, ಅಂದರೆ ಕರ್ನಾಟಕದವರು. ಅದು ಹೇಗಾಯಿತು ಅನ್ನೋದೇ ಇವತ್ತಿನ ಕಥೆ. ಸ್ವಲ್ಪ ಸ್ವಲ್ಪ ಕೂಡಿ ರಾಶಿ ಆಗೋದಕ್ಕೆ ಇಂಗ್ಲಿಷಿನಲ್ಲಿ ಏನೇನು ಮಾತಿವೆ, ಕನ್ನಡದಲ್ಲಿ ಏನೇನಿವೆ ಅಂತ ಮೊದಲು ನೋಡೋಣ. ಆಮೇಲೆ ರೊಕ್ಕಕ್ಕೆ ಬರೋಣ. ಯಾಕಂದರೆ ರಾಶಿ ತಾನಾಗೇ ಬೆಳೆಯೋದಿಲ್ಲ, ಯಾರೋ ತಂದು ಹಾಕಬೇಕು. ಕೆಲವು ಮಾತು ಆ ಕೈಯನ್ನು ತೋರಿಸ್ತವೆ, ಕೆಲವು ಮುಚ್ಚಿಡ್ತವೆ.

ಇಂಗ್ಲಿಷ್ ಮಾತಿನ ಒಳಗೊಂದು ಹೊಲ

ಅಕ್ಯುಮುಲೇಟ್ ಅನ್ನೋ ಶಬ್ದ ತಗೊಳ್ರಿ. ಅದರ ಹೊಟ್ಟೆಯಲ್ಲಿ ಇರೋದು ಕ್ಯುಮುಲಸ್ ಅನ್ನೋ ಲ್ಯಾಟಿನ್ ಶಬ್ದ. ಅರ್ಥ, ರಾಶಿ. ಲ್ಯೂಕ್ ಹೋವರ್ಡ್ ಅನ್ನೋ ಇಂಗ್ಲಿಷ್ ಮನುಷ್ಯ 1802ರಲ್ಲಿ ಮೋಡಗಳಿಗೆ ಹೆಸರಿಡುವಾಗ, ಹತ್ತಿ ರಾಶಿ ಹಾಕಿದ ಹಾಗೆ ಕಾಣೋ ಮೋಡಕ್ಕೆ ಇದೇ ಕ್ಯುಮುಲಸ್ ಹೆಸರು ಕೊಟ್ಟ. ಮೇ ತಿಂಗಳ ಮಧ್ಯಾಹ್ನ ಖಾನಾಪುರದ ಕಡೆ ಆಕಾಶದಲ್ಲಿ ಏಳ್ತಾವಲ್ಲ ದಪ್ಪ ಬಿಳಿ ಮೋಡ, ಅವೇ.

ಮಾರ್ಕ್ಸ್ ಕಾರ್ಡ್ ತೆಗೆದರೆ ಕಾಣೋದು ಅಗ್ರಿಗೇಟ್. ಅದರ ಒಳಗೆ ಗ್ರೆಕ್ಸ್ ಅನ್ನೋ ಲ್ಯಾಟಿನ್ ಶಬ್ದ ಇದೆ. ಗ್ರೆಕ್ಸ್ ಅಂದರೆ ಕುರಿ ಹಿಂಡು. ಅಗ್ರಿಗೇಟ್ ಮಾಡೋದು ಅಂದರೆ ಚದುರಿದ ಕುರಿಗಳನ್ನು ಹಿಂಡಿಗೆ ಸೇರಿಸೋದು. ನಿಮ್ಮ ಗಣಿತದ 62, ವಿಜ್ಞಾನದ 58, ಕನ್ನಡದ 91 ಒಂದೇ ದೊಡ್ಡಿಗೆ ಬಂದು ನಿಂತಾಗ ಅಗ್ರಿಗೇಟ್.

ಅಗ್ಲಾಮರೇಟ್ ಅನ್ನೋದರಲ್ಲಿ ನೂಲಿನ ಉಂಡೆ ಇದೆ. ಗ್ಲೋಮಸ್ ಅಂದರೆ ಸುತ್ತಿದ ನೂಲು. ಖಾಸಬಾಗ, ವಡಗಾವಿ, ಶಹಾಪುರದ ನೇಕಾರರ ಓಣಿಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಮೇಲೆ ಎಳೆ ಸುತ್ತಿ ಸುತ್ತಿ ಉಂಡೆ ದಪ್ಪ ಆಗ್ತದೆ. ಅಮಾಸ್ ಅನ್ನೋದರ ಒಳಗೆ ನಾದಿದ ಹಿಟ್ಟಿನ ಮುದ್ದೆ ಇದೆ. ಪೈಲ್ ಅನ್ನೋದರ ಹಿಂದೆ ಕಲ್ಲಿನ ಕಂಬ ಇದೆ.

ಅಕ್ರೂ ಅನ್ನೋದು ಬ್ಯಾಂಕಿನವರ ಪ್ರೀತಿಯ ಶಬ್ದ. ಬಡ್ಡಿ ಅಕ್ರೂ ಆಯಿತು ಅಂತಾರೆ. ಇದರ ಮೂಲ ಲ್ಯಾಟಿನ್ ಕ್ರೆಸ್ಕರೆ, ಅಂದರೆ ಬೆಳೆಯೋದು. ಗಿಡ ಬೆಳೆದ ಹಾಗೆ ರೊಕ್ಕ ಬೆಳೀತು ಅನ್ನೋ ಭಾವ.

ಕೊನೆಯದು ಹೋರ್ಡ್, ಬಚ್ಚಿಟ್ಟ ನಿಧಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯನಿಗೆ ಗೊತ್ತಿರೋ ಒಟ್ಟು ಶಬ್ದಗಳಿಗೆ ವರ್ಡ್‌ಹೋರ್ಡ್ ಅಂತಿದ್ದರು. ಶಬ್ದಗಳ ಖಜಾನೆ. ನಾವು ಇವತ್ತಿಗೂ ಅದನ್ನೇ ಹೇಳ್ತೇವೆ: ಶಬ್ದಕೋಶ. ಕೋಶ ಅಂದರೂ ಖಜಾನೆಯೇ ಅಲ್ಲೇನ್ರಿ. ಫರ್ಡಿನಾಂಡ್ ಕಿಟ್ಟೆಲ್ ಅವರು ದಶಕಗಳ ಕಾಲ ಕೂಡಿಸಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದೂ ಒಂದು ರೀತಿಯ ಪಿಗ್ಮಿಯೇ. ದಿನಕ್ಕೆ ಇಷ್ಟು ಶಬ್ದ ಅಂತ ತುಂಬಿದ್ದು.

ಒಟ್ಟು, ರಾಶಿ, ಕೂಡಲ

ಈಗ ನಮ್ಮ ಕಡೆ ಬರೋಣ. ಅದೇ ಮಾರ್ಕ್ಸ್ ಕಾರ್ಡಿನಲ್ಲಿ ಕನ್ನಡದಲ್ಲಿ 'ಒಟ್ಟು ಅಂಕ' ಅಂತ ಬರೆದಿರ್ತಾರೆ. ಒಟ್ಟು ಅನ್ನೋದು ನಮಗೆ ಲೆಕ್ಕದ ಶಬ್ದ ಅನ್ನಿಸ್ತದೆ. ಆದರೆ ಊರಲ್ಲಿ ನಿಮ್ಮ ಅಜ್ಜನನ್ನ ಕೇಳ್ರಿ. ಜೋಳದ ಕಣಿಕೆಯನ್ನೋ ಭತ್ತದ ಹುಲ್ಲನ್ನೋ ಮಳೆಗೆ ತೋಯದ ಹಾಗೆ ಪೇರಿಸೋದಕ್ಕೆ 'ಬಣವಿ ಒಟ್ಟೋದು' ಅಂತಾರೆ. ಒಟ್ಟು ಮೊದಲು ಕೈ ಮಾಡೋ ಕೆಲಸ, ಕಾಗದದ ಮೇಲಿನ ಸಂಖ್ಯೆ ಆಮೇಲಿನದು. ಇಂಗ್ಲಿಷಿನವರ ಅಗ್ರಿಗೇಟ್ ಕುರಿ ದೊಡ್ಡಿಯಿಂದ ಬಂತು, ನಮ್ಮ ಒಟ್ಟು ಬಣವಿಯಿಂದ ಬಂತು.

ರಾಶಿ ಸಂಸ್ಕೃತದ ಶಬ್ದ, ಆದರೆ ನಮ್ಮ ಭಾಗದಲ್ಲಿ ಅದು ಪೂರಾ ರೈತರ ಶಬ್ದ ಆಗಿದೆ. 'ರಾಶಿ ಮಾಡೋದು' ಅಂದರೆ ತೆನೆ ಬಡಿದು, ತೂರಿ, ಕಾಳು ಕೂಡಿಸೋ ಪೂರ್ತಿ ಸುಗ್ಗಿ ಕೆಲಸ. ಕಾಳು ಅಳೆಯುವಾಗ ಮೊದಲನೇ ಅಳತೆಗೆ ಒಂದು ಅನ್ನೋದಿಲ್ಲ, 'ಲಾಭ' ಅಂತಾರೆ. ಲಾಭ, ಎರಡು, ಮೂರು ಅಂತ ಎಣಿಕೆ ಸಾಗ್ತದೆ. ರಾಶಿ ಇನ್ನೂ ಕರಗೋಕೆ ಶುರು ಆಗುವ ಹೊತ್ತಿಗೇ ಅದು ಬೆಳೀಲಿ ಅಂತ ಹಾರೈಸೋ ಪದ್ಧತಿ ಇದು.

ಇನ್ನು ಕೂಡು. ಮಲಪ್ರಭಾ ನದಿ ಹುಟ್ಟೋದು ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸಣ್ಣ ಸಣ್ಣ ಹಳ್ಳ ಸೇರಿಸಿಕೊಂಡು ಹರಿದು ಹರಿದು ಅದು ಕೃಷ್ಣೆಗೆ ಸೇರೋದು ಕೂಡಲಸಂಗಮದಲ್ಲಿ. ಕೂಡಲ ಅಂದರೆ ನೀರು ಕೂಡೋ ಜಾಗ, ಸಂಗಮ ಅಂದರೂ ಅದೇ. ಅದೇ ಕೂಡು ಅನ್ನೋ ಮಾತಿನಿಂದಲೇ ಕೂಡಿಡು ಬಂತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅನ್ನೋ ಗಾದೆಯಲ್ಲಿ ನೀರು, ಕಾಳು ಎರಡೂ ಒಂದೇ ಕ್ರಿಯಾಪದಕ್ಕೆ ಕಟ್ಟಿಕೊಂಡಿವೆ. ಆದರೆ ಒಂದು ವ್ಯತ್ಯಾಸ ಗಮನಿಸ್ರಿ. ನೀರು ಕೂಡ್ತದೆ. ರೊಕ್ಕವನ್ನು ಕೂಡಿಡಬೇಕಾಗ್ತದೆ. ಆ 'ಇಡು' ಅನ್ನೋದರಲ್ಲಿ ಒಬ್ಬ ಮನುಷ್ಯ ಇದ್ದಾನೆ.

ಬೇರು ಅರಬ್ಬಿ, ಚಿಗುರು ಪ್ರಾಕೃತ

ಬೆಳಗಾವಿಯ ರೊಕ್ಕದ ಮಾತುಗಳನ್ನ ಒಂದೊಂದಾಗಿ ಕೆದಕಿದರೆ ಈ ಊರಿನ ಇತಿಹಾಸವೇ ಪದರ ಪದರವಾಗಿ ಸಿಗ್ತದೆ. ರಟ್ಟರು, ವಿಜಯನಗರದವರು, ಬಹಮನಿಗಳು, ಆದಿಲ್‌ಶಾಹಿಗಳು, ಮರಾಠರು, ಕಡೆಗೆ 1818ರಲ್ಲಿ ಬ್ರಿಟಿಷರು. ರಾಜರು ಹೋದರೂ ಅವರ ಲೆಕ್ಕದ ಮಾತು ಇಲ್ಲೇ ಉಳಿದವು.

ಜಮಾ ಅರಬ್ಬಿ ಶಬ್ದ. ಅರ್ಥ, ಒಂದು ಕಡೆ ಸೇರಿಸೋದು. ಬಾಕಿ ಕೂಡ ಅರಬ್ಬಿ, ಅರ್ಥ ಉಳಿದದ್ದು. ಠೇವಣಿ ಮರಾಠಿ ಕಡೆಯಿಂದ ಬಂದದ್ದು, 'ಇಡೋದು' ಅನ್ನೋ ಮಾತಿನಿಂದ. ಅಸಲು ಮತ್ತೆ ಅರಬ್ಬಿ, ಅಲ್ಲಿ ಅದರ ಅರ್ಥ ಬೇರು. ಸಂಸ್ಕೃತದಲ್ಲಿ ಮೂಲಧನ ಅಂತಾರೆ, ಮೂಲ ಅಂದರೂ ಬೇರೇ. ಇನ್ನು ಬಡ್ಡಿ. ಇದು ಸಂಸ್ಕೃತದ ವೃದ್ಧಿ ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಕನ್ನಡಕ್ಕೆ ಬಂದ ರೂಪ. ವೃದ್ಧಿ ಅಂದರೆ ಬೆಳವಣಿಗೆ. ಅಂದರೆ ನೀವು 'ಅಸಲು-ಬಡ್ಡಿ' ಅಂದಾಗಲೆಲ್ಲ ಬೇರು-ಬೆಳವಣಿಗೆ ಅಂತ ಒಂದು ಗಿಡದ ಬಗ್ಗೆ ಮಾತಾಡ್ತಿದ್ದೀರಿ. ಇಂಗ್ಲಿಷಿನ ಅಕ್ರೂ ಹೇಳಿದ್ದೂ ಅದನ್ನೇ.

ಈ ಬಡ್ಡಿ ಇವತ್ತಿನದಲ್ಲ. ದೇವಸ್ಥಾನಕ್ಕೆ ಇಷ್ಟು ಹೊನ್ನು ಕೊಟ್ಟಿದ್ದೇವೆ, ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ದೀಪದ ಎಣ್ಣೆ ನಡೀಬೇಕು ಅಂತ ಕಲ್ಲಿನ ಮೇಲೆ ಕೆತ್ತಿಸಿದ ದತ್ತಿಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಫಿಕ್ಸೆಡ್ ಡೆಪಾಸಿಟ್ ಅನ್ನೋ ಹೆಸರಿಲ್ಲದ ಕಾಲದ ಫಿಕ್ಸೆಡ್ ಡೆಪಾಸಿಟ್ ಅವು.

ಇನ್ನೊಂದು ಮಜಾ ಇದೆ. ಬೆಂಗಳೂರು, ಮೈಸೂರು ಕಡೆಯವರು ಫೀಸ್ ಕಟ್ತಾರೆ, ಬ್ಯಾಂಕಿಗೆ ದುಡ್ಡು ಕಟ್ತಾರೆ. ನಾವು ಫೀ ತುಂಬ್ತೇವೆ, ರೊಕ್ಕ ತುಂಬ್ತೇವೆ. ಮರಾಠಿಯಲ್ಲೂ 'ತುಂಬು' ಅನ್ನೋ ಅರ್ಥದ ಮಾತೇ ಈ ಕೆಲಸಕ್ಕೆ ಬಳಕೆ. ಆ ಕಡೆಯವರ ಮಾತಿನಲ್ಲಿ ರೊಕ್ಕ ಸೀರೆ ಸೆರಗಿನ ಗಂಟು, ನಮ್ಮ ಮಾತಿನಲ್ಲಿ ಅದು ಗಡಿಗೆ.

ಖಾನಾಪುರದ ಗಡಿಗೆ, ಓಣಿಯ ಭಿಶಿ

ಗಡಿಗೆ ಅಂದ ಮೇಲೆ ಖಾನಾಪುರ ಬಿಡೋಕಾಗೋದಿಲ್ಲ. ಖಾನಾಪುರದ ಮಣ್ಣು, ಹಂಚು, ಕುಂಬಾರಿಕೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರೋದೂ ಅಲ್ಲೇ. ಜಾತ್ರೆಯಲ್ಲಿ ಮಾರೋ ಮಣ್ಣಿನ ಹುಂಡಿ ನೀವು ನೋಡಿರ್ತೀರಿ. ಮೇಲೊಂದು ಸೀಳು, ಕೆಳಗೆ ಬಾಯಿ ಇಲ್ಲ. ಹಾಕೋದು ಸುಲಭ, ತೆಗೀಬೇಕಂದರೆ ಒಡೀಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಪಿಗ್ಗಿ ಬ್ಯಾಂಕ್ ಅಂತಾರೆ, ಹಂದಿ ಆಕಾರದ ಹುಂಡಿ. ಪಿಗ್ಗಿ ಬೇರೆ, ಪಿಗ್ಮಿ ಬೇರೆ. ಕಿವಿಗೆ ಒಂದೇ ಥರ ಕೇಳಿಸ್ತದೆ ಅಷ್ಟೆ.

ಮಣ್ಣಿನ ಹುಂಡಿಯ ಬುದ್ಧಿ ಇರೋದು ಅದರ ತೊಂದರೆಯಲ್ಲೇ. ಒಡೆಯೋಕೆ ಮನಸ್ಸು ಬರಬಾರದು ಅಂತಲೇ ಅದನ್ನ ಹಾಗೆ ಮಾಡಿರ್ತಾರೆ. ಆದರೆ ಅದಕ್ಕೆ ಬಡ್ಡಿ ಇಲ್ಲ, ಕಳ್ಳರ ಭಯ ಇದೆ, ಮನೆಯಲ್ಲಿ ಕುಡಿಯೋರಿದ್ದರೆ ಅವರ ಭಯವೂ ಇದೆ.

ಹಾಗಾಗಿ ಹೆಣ್ಣುಮಕ್ಕಳು ಭಿಶಿ ಹಾಕಿದರು. ದಕ್ಷಿಣದವರು ಚೀಟಿ ಅನ್ನೋದನ್ನೇ ನಮ್ಮ ಕಡೆ ಭಿಶಿ ಅಂತಾರೆ. ಹತ್ತು ಜನ ತಿಂಗಳಿಗೆ 500 ರೂಪಾಯಿ ಹಾಕಿದರೆ ಪ್ರತಿ ತಿಂಗಳು ಒಬ್ಬರ ಕೈಗೆ 5,000. ಇಲ್ಲಿ ಬೀಗ ಇಲ್ಲ, ಪಾಸ್‌ಬುಕ್ ಇಲ್ಲ. ಇರೋದು ವೈನಿ ಮೇಲೆ ಅಕ್ಕಾರಿಗೆ, ಅಕ್ಕಾರ ಮೇಲೆ ವೈನಿಗೆ ಇರೋ ನಂಬಿಕೆ.

ಈ ನಂಬಿಕೆಗೂ ನಮ್ಮ ಕಡೆ ಒಂದು ಶಬ್ದ ಇದೆ. ಪತ್ತು. ಅಂಗಡಿ ಬೋರ್ಡುಗಳ ಮೇಲೆ 'ಪತ್ತಿನ ಸಹಕಾರಿ ಸಂಘ' ಅಂತ ಓದಿರ್ತೀರಿ. ಪತ್ತು ಅಂದರೆ ಊರಲ್ಲಿ ನಿಮಗಿರೋ ಸಾಲದ ಮರ್ಯಾದೆ. ಇಂಗ್ಲಿಷಿನ ಕ್ರೆಡಿಟ್ ಕೂಡ ಲ್ಯಾಟಿನಿನ 'ನಂಬು' ಅನ್ನೋ ಮಾತಿನಿಂದಲೇ ಬಂದದ್ದು. ಅಂಥ ಸಂಘಗಳಿಗೆ ಕಾನೂನು ಆದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಇತಿಹಾಸ ಈ ಊರಿನ ಹೆಸರಿಲ್ಲದೆ ಶುರು ಆಗೋದಿಲ್ಲ. ಬೆಳಗಾವಿಯ ಬೀದಿ ಬೀದಿಯಲ್ಲಿ ಇವತ್ತು ಸೊಸೈಟಿ ಬೋರ್ಡು ಕಾಣೋದಕ್ಕೆ ಅಲ್ಲಿ ಒಂದು ಬೇರಿದೆ.

ಆದರೆ ಪಿಗ್ಮಿ ಹುಟ್ಟಿದ್ದು ಘಟ್ಟದ ಕೆಳಗೆ, ಕರಾವಳಿಯಲ್ಲಿ.

ಎರಡು ಆಣೆ

1920ರ ದಶಕದಲ್ಲಿ ಕರಾವಳಿಯ ಕೈಮಗ್ಗ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ಅವರಿಗೆ ಸಾಲದ ಆಸರೆ ಆಗಬೇಕು ಅಂತ ಉದ್ಯಮಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ತೆರೆದರು. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಆದದ್ದು ಇದೇ.

ಸಾಲ ಕೊಡೋಕೆ ಮೊದಲು ರೊಕ್ಕ ಕೂಡಬೇಕಲ್ಲ. ಶ್ರೀಮಂತರು ಹೊಸ ಬ್ಯಾಂಕಿಗೆ ಸುಮ್ಮನೆ ಬರೋದಿಲ್ಲ. ಬಡವರು ಬ್ಯಾಂಕಿನ ಮೆಟ್ಟಿಲು ಹತ್ತೋಕೆ ಅಂಜ್ತಾರೆ. ಅವರ ಕೈಗೆ ರೊಕ್ಕ ಬರೋದು ದಿನಗೂಲಿಯಾಗಿ ಸಂಜೆ, ಬ್ಯಾಂಕ್ ಬಾಗಿಲು ಹಾಕಿದ ಮೇಲೆ. ಬೆಳಗಾಗೋದರೊಳಗೆ ಅದು ಖರ್ಚಾಗಿರ್ತದೆ. ಇದಕ್ಕೆ 1928ರಲ್ಲಿ ಸಿಕ್ಕ ಉಪಾಯ ಸರಳ: ಜನ ಬ್ಯಾಂಕಿಗೆ ಬರದಿದ್ದರೆ ಬ್ಯಾಂಕೇ ಜನರ ಮನೆ ಬಾಗಿಲಿಗೆ ಹೋಗಲಿ. ದಿನಕ್ಕೆ ಬರೇ 2 ಆಣೆ ಇದ್ದರೂ ಸಾಕು. ಏಜೆಂಟ್ ಬರ್ತಾನೆ, ತಗೊಂಡು ಪುಸ್ತಕದಲ್ಲಿ ಬರೀತಾನೆ, ನಾಳೆ ಮತ್ತೆ ಬರ್ತಾನೆ.

ಆ ಯೋಜನೆಗೆ ಇಟ್ಟ ಹೆಸರು ಪಿಗ್ಮಿ. ಕುಳ್ಳ ಠೇವಣಿ.

ಲೆಕ್ಕ ಹಾಕಿ ನೋಡೋಣ. ಒಂದು ರೂಪಾಯಿಗೆ 16 ಆಣೆ. ದಿನಕ್ಕೆ 2 ಆಣೆ ಅಂದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ, ಬಡ್ಡಿ ಬಿಟ್ಟು. ಎರಡು ಆಣೆ ಕೈಯಲ್ಲಿದ್ದರೆ ಅದು ಚಹಾಕ್ಕೋ ಬೀಡಿಗೋ ಹೋಗ್ತದೆ. 45 ರೂಪಾಯಿ ಒಮ್ಮೆಗೇ ಕೈಗೆ ಬಂದರೆ ಯೋಚನೆಯೇ ಬೇರೆ ಆಗ್ತದೆ. ಮಗ್ಗದ ರಿಪೇರಿ, ಮಗಳ ಮದುವೆ, ಮಗನ ಓದು ಕಣ್ಣ ಮುಂದೆ ಬರ್ತವೆ. ರಾಶಿಯ ಗುಟ್ಟು ಇದೇ ಅನ್ನಿಸ್ತದೆ ನನಗೆ. ಒಂದೊಂದು ಕಾಳಿನಿಂದ ಆಗದ ಕೆಲಸ ರಾಶಿಯಿಂದ ಆಗ್ತದೆ.

1969ರ ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವು. ಅಷ್ಟರಲ್ಲಿ ಪಿಗ್ಮಿ ಒಂದು ಬ್ಯಾಂಕಿನ ಯೋಜನೆಯ ಹೆಸರಾಗಿ ಉಳಿದಿರಲಿಲ್ಲ. ಬೇರೆ ಬ್ಯಾಂಕುಗಳು, ಪತ್ತಿನ ಸಂಘಗಳು ಎಲ್ಲರೂ ಅದೇ ಥರದ್ದನ್ನು ನಡೆಸಿದರು, ಜನ ಎಲ್ಲದಕ್ಕೂ ಪಿಗ್ಮಿ ಅಂದರು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕಿನ ಹೆಸರು ಹೋಯಿತು, ಅದು ಕೊಟ್ಟ ಶಬ್ದ ಹಿಂದವಾಡಿಯ ಅಂಗಡಿಕಾರರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ.

ಮುಷ್ಟಿ

ಈಗ ಶಬ್ದದ ಬುಡಕ್ಕೆ ಹೋಗೋಣ. ಪಿಗ್ಮಿ ಇಂಗ್ಲಿಷಿಗೆ ಲ್ಯಾಟಿನ್ ದಾಟಿ ಬಂದದ್ದು ಗ್ರೀಕಿನಿಂದ. ಗ್ರೀಕರಲ್ಲಿ ಪಿಗ್ಮೆ ಅಂದರೆ ಮುಷ್ಟಿ. ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗಿನ ಒಂದು ಅಳತೆಗೂ ಅದೇ ಹೆಸರು, ನಮ್ಮ ಮೊಳಕ್ಕಿಂತ ತುಸು ಗಿಡ್ಡ. ಹೋಮರನ ಇಲಿಯಡ್ ಕಾವ್ಯದಲ್ಲಿ ಕೊಕ್ಕರೆಗಳ ಜೊತೆ ಯುದ್ಧ ಮಾಡೋ ಕುಳ್ಳರು ಬರ್ತಾರಲ್ಲ, ಅವರು ಅಷ್ಟೇ ಉದ್ದದವರು ಅನ್ನೋ ಕಲ್ಪನೆಯಿಂದ ಆ ಹೆಸರು.

ಅಂದರೆ ಪಿಗ್ಮಿಯ ಒಳಗೆ ಇರೋದು ಒಂದು ಮುಷ್ಟಿ. ಈ ಮುಷ್ಟಿ ನಮಗೆ ಹೊಸದಲ್ಲ. ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕಿಡೋ ತಾಯಂದಿರು ನಮ್ಮಲ್ಲಿದ್ದರು. ಜೋಳಿಗೆ ಹಾಕ್ಕೊಂಡು ಊರೂರು ತಿರುಗಿ, ಮನೆಗೆ ಒಂದು ಹಿಡಿ ಕಾಳು ಬೇಡಿ, ಬಡ ಹುಡುಗರ ಪ್ರಸಾದ ನಿಲಯ ನಡೆಸಿದ ಸ್ವಾಮಿಗಳು ಉತ್ತರ ಕರ್ನಾಟಕದಲ್ಲಿ ಅನೇಕರಿದ್ದರು. ನಿಮ್ಮ ಮನೆಯಲ್ಲಿ ಮೊದಲ ಬಾರಿ ಶಾಲೆ ಕಲಿತವರು ಅಂಥ ಒಂದು ಹಾಸ್ಟೆಲ್ಲಿನ ಅನ್ನ ಉಂಡಿರಬಹುದು, ಕೇಳಿ ನೋಡ್ರಿ. 1928ಕ್ಕೂ ಮೊದಲೇ ಇದ್ದ ಈ ಹಿಡಿಕಾಳಿನ ಪದ್ಧತಿಗೆ ಬ್ಯಾಂಕ್ ಒಂದು ಪಾಸ್‌ಬುಕ್ ಕೊಟ್ಟಿತು.

ಸಂಜೆ ಹೊತ್ತಿನ ಕಾಲುಗಳು

ಅಕ್ರೂ ಅನ್ನೋ ಮಾತಿನಲ್ಲಿ ರೊಕ್ಕ ಗಿಡದ ಹಾಗೆ ತಾನೇ ಬೆಳೀತದೆ ಅಂದೆನಲ್ಲ. ಪಿಗ್ಮಿ ಹಾಗಲ್ಲ. ಅದಕ್ಕೆ ಒಬ್ಬರು ನಡೀಬೇಕು.

ಗೋವಾವೇಸ್ ಸುತ್ತಮುತ್ತ ಸಂಜೆ ಆರರ ನಂತರ ಗಮನಿಸ್ರಿ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಒಂದು ಚಿಕ್ಕ ಮಷೀನ್, ಅಂಗಡಿಯಿಂದ ಅಂಗಡಿಗೆ ಒಬ್ಬರು ಹೋಗ್ತಿರ್ತಾರೆ. "ಅಣ್ಣಾರ, ಇವತ್ತ ಪಿಗ್ಮಿ ಇಲ್ರಿ, ಗಿರಾಕಿನ ಬಂದಿಲ್ಲ" ಅಂತ ತರಕಾರಿ ಮಾರೋ ಅಕ್ಕ ಅಂತಾಳೆ. "ಆತ್ರಿ ಅಕ್ಕಾರ, ನಾಳೆ ಬರ್ತೀನಿ" ಅಂತ ಅವರು ಮುಂದೆ ಹೋಗ್ತಾರೆ. ಇಂಥ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಮಳೆಗಾಲದಲ್ಲಿ, ನಮ್ಮ ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ರೇನ್‌ಕೋಟ್ ಒಳಗೆ ಆ ಚೀಲ ಬಚ್ಚಿಟ್ಟುಕೊಂಡು ಬರ್ತಾರೆ. ಯಾರ ಮಗಳ ಮದುವೆ ಯಾವಾಗ, ಯಾರ ಅಂಗಡಿ ಸೋತಿದೆ ಅನ್ನೋದು ಬ್ಯಾಂಕ್ ಮ್ಯಾನೇಜರಿಗಿಂತ ಮೊದಲು ಅವರಿಗೆ ಗೊತ್ತಿರ್ತದೆ.

ಇವರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ? ಈ ಪ್ರಶ್ನೆ ಬಹಳ ವರ್ಷ ನಡೀತು. ಅವರು ಬರೇ ಕಮಿಷನ್ ಏಜೆಂಟರು ಅಂತ ಬ್ಯಾಂಕುಗಳು ವಾದ ಮಾಡಿದವು. ಸಿಂಡಿಕೇಟ್ ಬ್ಯಾಂಕಿನ ಠೇವಣಿ ಸಂಗ್ರಾಹಕರು ಮತ್ತು ಭಾರತೀಯ ಬ್ಯಾಂಕುಗಳ ಸಂಘದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು: ಇವರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ, ಅವರ ಕಮಿಷನ್ ಅನ್ನೋದು ವೇತನವೇ. ಖಾಯಂ ನೌಕರರ ಸಮಾನ ಸಂಬಳ ಅದರಿಂದ ಸಿಗಲಿಲ್ಲ. ಆದರೆ ರಾಶಿಯ ಹಿಂದೆ ಒಂದು ಕೈ ಇದೆ, ಆ ಕೈಗೆ ಕೂಲಿ ಇದೆ ಅಂತ ಕಾನೂನು ಒಪ್ಪಿಕೊಂಡಿತು.

ಒಂದೇ ಶಬ್ದ, ಬೇರೆ ಬೇರೆ ಗಡಿಗೆ

ಇಷ್ಟು ಹೊತ್ತು ಶಬ್ದದ ಚಂದ ಹೇಳಿದೆ. ಶಬ್ದದಿಂದ ಆಗೋ ಅಪಾಯವನ್ನೂ ಹೇಳಬೇಕು. ಎಲ್ಲದಕ್ಕೂ ಪಿಗ್ಮಿ ಅಂತ ಒಂದೇ ಹೆಸರು ಬಿದ್ದ ಮೇಲೆ, ಯಾರ ಗಡಿಗೆಗೆ ತುಂಬ್ತಿದ್ದೇವೆ ಅನ್ನೋದು ಮರೆತು ಹೋಗ್ತದೆ.

ದೇಶದಲ್ಲಿ ಠೇವಣಿ ವಿಮೆ ಶುರು ಆದದ್ದು 1962ರಲ್ಲಿ. ಅದಕ್ಕೆ ಮುಂಚೆ, 1960ರಲ್ಲಿ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿ ಜನರ ರೊಕ್ಕ ಸಿಕ್ಕಿಬಿದ್ದಿತ್ತು. ಈಗ ವಿಮೆ ಇರೋ ಬ್ಯಾಂಕ್ ಒಂದು ವೇಳೆ ಮುಳುಗಿದರೂ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. 2020ರ ಫೆಬ್ರುವರಿಗೆ ಮೊದಲು ಇದು 1 ಲಕ್ಷ ಇತ್ತು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರೋ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಪತ್ತಿನ ಸಹಕಾರಿ ಸಂಘಗಳಲ್ಲಿ ಇಟ್ಟ ರೊಕ್ಕಕ್ಕೆ ಇಲ್ಲ. ಸಂಘಗಳು ತಮ್ಮ ಹೆಸರಿನಲ್ಲಿ ಬ್ಯಾಂಕ್ ಅನ್ನೋ ಶಬ್ದ ಬಳಸಬಾರದು, ಅಲ್ಲಿನ ಠೇವಣಿಗೆ ಈ ವಿಮೆ ಸಿಗೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ಇದರ ಅರ್ಥ ಸೊಸೈಟಿ ಎಲ್ಲಾ ಕೆಟ್ಟವು ಅಂತಲ್ಲ. ದೊಡ್ಡ ಬ್ಯಾಂಕ್ ಹತ್ತಿರ ಬಿಟ್ಟುಕೊಳ್ಳದವರಿಗೆ ಸಾಲ ಕೊಟ್ಟು ನಿಲ್ಲಿಸಿದ ಸಂಘಗಳು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿವೆ. ಆದರೆ ದಿನಾ 50 ರೂಪಾಯಿ ತುಂಬೋ ಆ ತರಕಾರಿ ಅಕ್ಕನ ವರ್ಷದ ರಾಶಿ 18,250 ರೂಪಾಯಿ. ಅದು ಮುಳುಗಿದರೆ ಕೋರ್ಟಿಗೆ ಅಲೆಯೋ ಶಕ್ತಿ ಅವಳಿಗೆ ಇರೋದಿಲ್ಲ. ಹನಿ ಹನಿಯಾಗಿ ಕೂಡಿದ್ದು ಹೋಗೋದು ಮಾತ್ರ ಒಂದೇ ರಾತ್ರಿಯಲ್ಲಿ.

ರಾಶಿ ಇನ್ನೊಂದು ದಿಕ್ಕಿಗೂ ಬೆಳೀತದೆ. ಬಡ್ಡಿಗೆ ಬಡ್ಡಿ, ಅಂದರೆ ಚಕ್ರಬಡ್ಡಿ. ಚಕ್ರವೃದ್ಧಿ ಅನ್ನೋ ಮಾತು ಮನುಸ್ಮೃತಿಯಷ್ಟು ಹಳೆಯದು. ಮೊಬೈಲ್ ಆ್ಯಪಿನಲ್ಲಿ 10,000 ಸಾಲ ತಗೊಂಡು, ತಿಂಗಳಿಗೆ ಶೇಕಡಾ 3ರಂತೆ ಚಕ್ರಬಡ್ಡಿ ಬೀಳ್ತಾ, ವರ್ಷ ಏನೂ ಕಟ್ಟದಿದ್ದರೆ ಅದು ಸುಮಾರು 14,258 ಆಗಿರ್ತದೆ. ಶೇಕಡಾ 3 ಅಂದಾಗ ಅದೂ ಒಂದು ಪಿಗ್ಮಿಯಷ್ಟೇ ಕಾಣ್ತದೆ. ಇಲ್ಲಿ ಸಂಜೆ ಬರೋ ಅಣ್ಣಾರೂ ಇಲ್ಲ, "ನಾಳೆ ಬರ್ತೀನಿ" ಅನ್ನೋರೂ ಇಲ್ಲ. ಈ ರಾಶಿ ನೀವು ಮಲಗಿದಾಗ ಬೆಳೀತದೆ. ಅಕ್ರೂ ಅನ್ನೋ ಮಾತು ನಿಜಕ್ಕೂ ಸರಿಹೊಂದೋದು ಇಂಥ ಸಾಲಕ್ಕೆ.

ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ ಹಿರಿಯರು. ಕುಡಿಕೆ ತುಂಬಿದವರ ಬಗ್ಗೆ ಆ ಗಾದೆ ಏನೂ ಹೇಳೋದಿಲ್ಲ. ಅದಕ್ಕೇ ಇವತ್ತು ಅವರ ಬಗ್ಗೆ ಹೇಳಬೇಕು ಅನ್ನಿಸಿತು.

ಈ ವಾರ ನಿಮಗೊಂದು ಚಿಕ್ಕ ಕೆಲಸ. ಮನೆಯಲ್ಲಿ ಅವ್ವನೋ ಅಪ್ಪನೋ ಕಾಕಾನೋ ಪಿಗ್ಮಿ ತುಂಬ್ತಿದ್ದರೆ ಆ ಪಾಸ್‌ಬುಕ್ ಇಸ್ಕೊಂಡು ಮೊದಲ ಪುಟ ಓದ್ರಿ. ಅದು ಬ್ಯಾಂಕೋ, ಸಂಘವೋ? ರಶೀದಿ ದಿನಾ ಬರ್ತದೋ ಇಲ್ಲೋ? ಪುಸ್ತಕದ ಲೆಕ್ಕ, ಮಷೀನಿನ ಲೆಕ್ಕ ಒಂದೇ ಇದೆಯೋ? ಐದು ನಿಮಿಷದ ಕೆಲಸ. ಓದೋಕೆ ಕಣ್ಣು ಸಾಲದ ಹಿರಿಯರಿಗೆ ನೀವೇ ಓದಿ ಹೇಳ್ರಿ. ಹಾಗೇ ನಿಮ್ಮ ಊರಲ್ಲಿ ರೊಕ್ಕ ಕೂಡಿಡೋದಕ್ಕೆ, ಕಾಳು ಪೇರಿಸೋದಕ್ಕೆ ಏನಂತಾರೆ ಅಂತಲೂ ಕೇಳಿ ಬರೆದಿಟ್ಟುಕೊಳ್ರಿ. ದಿನಕ್ಕೊಂದು ಶಬ್ದ ಸಾಕು.

ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.